ಕರುಳಿನ ಜ್ವರವೂ ಮಣ್ಣಿನ ಮದ್ದೂ

ಆಟಿಯ ಮಳೆ ಹಿಡಿದಾಗ ನಮ್ಮ ಉಡುಪಿ ಸೀಮೆಯ ಬಾವಿಗಳು ಬಾಯಿಯವರೆಗೂ ತುಂಬಿ ನಿಲ್ಲುತ್ತವೆ. ಕಾಪುವಿನ ಮರಳು ನೆಲವಾಗಲಿ, ಕಾರ್ಕಳದ ಕಡೆಯ ಮುರಕಲ್ಲಿನ ನೆಲವಾಗಲಿ, ನೀರನ್ನು ಬೇಗನೆ ಒಳಗೆ ಬಿಟ್ಟುಕೊಳ್ಳುವಂಥವು. ನೀರಿನ ಹಿಂದೆ ಕೊಳಕೂ ಹೋಗುತ್ತದೆ. ಈ ದಾರಿಯಲ್ಲಿ ಬರುವ ಬೇನೆಗಳಲ್ಲೊಂದು ವಿಷಮಶೀತ ಜ್ವರ, ಎಂದರೆ ಟೈಫಾಯಿಡ್. ತಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಆ ಹೆಸರು ಹೇಳುವಾಗ ಅವರ ದನಿ ಇಂದಿಗೂ ತಗ್ಗೀತು.

ತಗ್ಗುವುದಕ್ಕೆ ಕಾರಣವುಂಟು. ಜ್ವರ ಮೂರು ನಾಲ್ಕು ವಾರ ಬಿಡದೆ ಕಾಯುತ್ತಿತ್ತು. ಮೂರನೆಯ ವಾರದ ಹೊತ್ತಿಗೆ ಕರುಳಿನ ಹುಣ್ಣು ಒಡೆದು ರಕ್ತ ಹೋಗುವ, ಕರುಳೇ ತೂತಾಗುವ ಭಯ. ಹಿಡಿದ ನೂರು ಮಂದಿಯಲ್ಲಿ ಹತ್ತರಿಂದ ಇಪ್ಪತ್ತು ಮಂದಿ ಉಳಿಯುತ್ತಿರಲಿಲ್ಲ. ಸ್ವಿಟ್ಜರ್ಲೆಂಡಿನಿಂದ ಬಂದ ವೈದ್ಯೆ ಈವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಮಿಷನ್ ಆಸ್ಪತ್ರೆಯನ್ನು ತೆರೆದಾಗ, ಲೋಕದ ಯಾವ ಆಸ್ಪತ್ರೆಯಲ್ಲೂ ಈ ಬೇನೆಯ ಬೇರಿಗೆ ಮುಟ್ಟುವ ಮದ್ದಿರಲಿಲ್ಲ. ಶುಶ್ರೂಷೆಯೇ ಮದ್ದು, ಗಂಜಿಯೇ ಪಥ್ಯ.

ಮದ್ದು ಬಂದದ್ದು ಮಣ್ಣಿನಿಂದ. ದಕ್ಷಿಣ ಅಮೆರಿಕೆಯ ವೆನಿಜುವೆಲಾದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮ ಜೀವಿಯಿಂದ 1947ರಲ್ಲಿ ಕ್ಲೋರಾಮ್‌ಫೆನಿಕಾಲ್ ದೊರೆಯಿತು. ಮರುವರ್ಷ ಅಮೆರಿಕದ ವೈದ್ಯರು ಮಲಯದ ಕೌಲಾಲಂಪುರದಲ್ಲಿ ಹತ್ತು ಮಂದಿ ವಿಷಮಶೀತದ ರೋಗಿಗಳಿಗೆ ಅದನ್ನು ಕೊಟ್ಟರು. ವಾರಗಟ್ಟಲೆ ಕಾಯಬೇಕಾದ ಜ್ವರ ಸರಾಸರಿ ಮೂರೂವರೆ ದಿನದಲ್ಲಿ ಇಳಿಯಿತು! ರೋಗಾಣು ತನ್ನ ದೇಹವನ್ನು ಕಟ್ಟಿಕೊಳ್ಳಲು ಬೇಕಾದ ಪ್ರೋಟೀನಿನ ತಯಾರಿಯನ್ನೇ ಈ ಮದ್ದು ನಿಲ್ಲಿಸುತ್ತದೆ. ಡಾಕ್ಟರ್ ಟಿ. ಎಂ. ಎ. ಪೈಗಳು 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಾಗ ಈ ಚಿಕಿತ್ಸೆಗೆ ಇನ್ನೂ ಐದೇ ವರ್ಷ. ಅಲ್ಲಿ ಕಲಿತ ಮೊದಲ ತಲೆಮಾರಿನವರು ಗುರುಗಳ ಕಾಲದ ಭಯವನ್ನು ಕೇಳಿ ಬಲ್ಲವರು, ತಮ್ಮ ಕಾಲದ ಗುಣವನ್ನು ಕಂಡು ಬಲ್ಲವರು.

ಕಥೆ ಇಲ್ಲಿಗೇ ಮುಗಿದಿದ್ದರೆ ಸೊಗಸಾಗಿತ್ತು. ಆದರೆ 1972ರಲ್ಲಿ, ನಮ್ಮದೇ ಕರಾವಳಿಯ ಗುಂಟ ತೆಂಕಣಕ್ಕೆ ಹೋದರೆ ಸಿಗುವ ಕಲ್ಲಿಕೋಟೆಯಲ್ಲಿ, ಈ ಮದ್ದಿಗೆ ಬಗ್ಗದ ವಿಷಮಶೀತ ಹಬ್ಬಿತು. ಅದೇ ವರ್ಷ ದೂರದ ಮೆಕ್ಸಿಕೋದಲ್ಲೂ ಅದೇ ಕಥೆ. ಮದ್ದನ್ನು ತಡೆಯುವ ವಿದ್ಯೆಯನ್ನು ಒಂದು ರೋಗಾಣು ಮತ್ತೊಂದಕ್ಕೆ ದಾಟಿಸಬಲ್ಲದು. ಮದ್ದು ಬೇಕಿಲ್ಲದ ಕಡೆಯೆಲ್ಲ ಮದ್ದು ಸುರಿದರೆ, ತಡೆಯಲಾರದವು ಸತ್ತು ತಡೆಯಬಲ್ಲವೇ ಉಳಿಯುತ್ತವೆ. ಬಳಿಕ ಬಂದ ಸಿಪ್ರೊಫ್ಲಾಕ್ಸಸಿನ್‌ಗೂ ಇದೇ ಗತಿಯಾಯಿತು. ಇಂದು ವೈದ್ಯರು ಹೆಚ್ಚಾಗಿ ನೆಚ್ಚುವುದು ಸೆಫ್ಟ್ರಿಯಾಕ್ಸೋನ್, ಅಜಿತ್ರೋಮೈಸಿನ್‌ಗಳನ್ನು. ವಿಚಿತ್ರವೆಂದರೆ, ಬಳಕೆ ತಗ್ಗಿದ ಮೇಲೆ ಹಳೆಯ ಕ್ಲೋರಾಮ್‌ಫೆನಿಕಾಲ್‌ಗೆ ಬಗ್ಗುವ ರೋಗಾಣುಗಳು ನಮ್ಮ ದೇಶದಲ್ಲಿ ಮತ್ತೆ ಹೆಚ್ಚಾಗಿವೆ. ವಿಶ್ರಾಂತಿ ಕೊಟ್ಟ ಹೊಲ ಮತ್ತೆ ಬೆಳೆ ಕೊಟ್ಟ ಹಾಗೆ!

ಹಾಗಾದರೆ ಹೊಟ್ಟೆ ಕೆಟ್ಟಾಗಲೆಲ್ಲ ಗುಳಿಗೆ ಬೇಕೇ? ಬೇಡ. ಸಾಮಾನ್ಯ ಭೇದಿಯಲ್ಲಿ ಬಹುಪಾಲು ವೈರಸ್ಸಿನಿಂದಲೋ ತಾನಾಗಿ ತಗ್ಗುವ ಸೋಂಕಿನಿಂದಲೋ ಬರುವಂಥದು. ಅಲ್ಲಿ ಪ್ರಾಣ ತೆಗೆಯುವುದು ರೋಗಾಣುವಿಗಿಂತ ಹೆಚ್ಚಾಗಿ ನೀರಿನ ನಷ್ಟ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಡಾಕ್ಟರ್ ದಿಲೀಪ್ ಮಹಲನಬೀಸ್ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿ ಸಾವಿರಾರು ಜೀವ ಉಳಿಸಿದರು. ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿಯ ತಿಳಿ ಕುಡಿಸಿದ ನಮ್ಮ ಅಜ್ಜಿಯಂದಿರೂ ಆ ದಾರಿಯಿಂದ ಬಹಳ ದೂರವಿರಲಿಲ್ಲ. ಆದರೆ ಮಲದಲ್ಲಿ ರಕ್ತ ಕಂಡರೆ, ಜ್ವರ ಮೂರು ದಿನ ಮೀರಿದರೆ, ಮಗು ಮಂಕಾಗಿ ಮಲಗಿದರೆ ಗಂಜಿಯನ್ನು ನೆಚ್ಚಿ ಕೂರಬಾರದು. ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

ತಮ್ಮ ಮನೆಯ ಔಷಧದ ಡಬ್ಬಿಯನ್ನು ಇಂದೊಮ್ಮೆ ತೆರೆದು ನೋಡಿ. ಕಳೆದ ಜ್ವರಕ್ಕೆ ತಂದು ಅರ್ಧಕ್ಕೆ ಬಿಟ್ಟ ಪಟ್ಟಿಯೊಂದು ಅಲ್ಲಿ ಇದ್ದೀತು. ಅದರ ಮೇಲೆ ನೆಟ್ಟಗೆ ಒಂದು ಕೆಂಪು ಗೆರೆಯಿದ್ದರೆ, ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದ ಮದ್ದೆಂದು ಅರ್ಥ. 2016ರಿಂದ ಸರ್ಕಾರ ಸಾರುತ್ತಿರುವ ಮಾತಿದು. ಅದನ್ನು ನೆರೆಮನೆಯ ಮಗುವಿನ ಭೇದಿಗೆ ಕೊಡಬೇಡಿ. ಕುಡಿಯುವ ನೀರನ್ನು ಕುದಿಸಿ, ಬಾವಿಕಟ್ಟೆಯ ಸುತ್ತ ಕೊಳಕು ನಿಲ್ಲದ ಹಾಗೆ ನೋಡಿಕೊಳ್ಳಿ. ನಿಜವಾಗಿ ಬೇಕಾದ ದಿನ ಮದ್ದು ಕೆಲಸಮಾಡಬೇಕಾದರೆ, ಬೇಡದ ದಿನ ಅದನ್ನು ಮುಟ್ಟದಿರುವುದೂ ಚಿಕಿತ್ಸೆಯೇ.