ಲಾಂಛನದ ಹಕ್ಕಿ, ಬಯಲಿನ ಹಕ್ಕಿ

ಇನ್ನೂರು ವರ್ಷಗಳ ಹಿಂದಿನ ಯೂರೋಪಿನ ಗುಮಾಸ್ತನೊಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೈಗೆ ಬೂದುಬಣ್ಣದ ಕೋಟು, ಮೊಣಕಾಲಿನವರೆಗೆ ಕಪ್ಪು ಚಲ್ಲಣ, ಕಿವಿಯ ಹಿಂದೆ ಸಿಕ್ಕಿಸಿಕೊಂಡ ಹಕ್ಕಿಗರಿಯ ಲೇಖನಿಗಳು. ಈಗ ಅದೇ ವೇಷದಲ್ಲಿ ನಾಲ್ಕಡಿ ಎತ್ತರದ ಹಕ್ಕಿಯೊಂದು ಹುಲ್ಲುಗಾವಲಿನಲ್ಲಿ ಗಂಭೀರವಾಗಿ ಹೆಜ್ಜೆ ಹಾಕುತ್ತಿದೆಯೆಂದು ಭಾವಿಸಿಕೊಳ್ಳಿ. ಆಫ್ರಿಕದ ಸೆಕ್ರೆಟರಿ ಹಕ್ಕಿಯನ್ನು ನೀವು ನೋಡಿದಂತೆಯೇ ಸರಿ.

ಕನ್ನಡದಲ್ಲಿ ಇದನ್ನು ‘ಕಾರ್ಯದರ್ಶಿ ಹಕ್ಕಿ’ ಎನ್ನುವುದುಂಟು. ಹಾಗೆಂದಾಗ ನಮಗೆ ಸಂಘದ ಕಾರ್ಯದರ್ಶಿಯೋ ಸರ್ಕಾರದ ಕಾರ್ಯದರ್ಶಿಯೋ ನೆನಪಾಗುತ್ತಾರೆಯೇ ಹೊರತು ಕಿವಿಯ ಹಿಂದಿನ ಲೇಖನಿ ಕಾಣುವುದಿಲ್ಲ. ಮಾತು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿತು, ಚಿತ್ರ ಆಚೆಯ ದಡದಲ್ಲೇ ಉಳಿಯಿತು. ಈ ಹಕ್ಕಿಯ ವಿಷಯದಲ್ಲಿ ಇಂಥದ್ದು ಮತ್ತೆ ಮತ್ತೆ ನಡೆದಿದೆ. ಐದು ಸಾವಿರ ವರ್ಷಗಳಿಂದ ಮನುಷ್ಯ ಇದನ್ನು ಕೆತ್ತಿದ್ದಾನೆ, ಬರೆದಿದ್ದಾನೆ, ರಾಷ್ಟ್ರಲಾಂಛನದಲ್ಲಿ ಇರಿಸಿದ್ದಾನೆ. ಆದರೂ ಚಿತ್ರದ ಹಕ್ಕಿಗೂ ಬಯಲಿನ ಹಕ್ಕಿಗೂ ನಡುವೆ ಒಂದು ಅಂತರವಿದೆ. ಆ ಅಂತರ ಎಷ್ಟರದು, ಅದರಿಂದ ಆಗಿರುವುದೇನು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಬಯಲಿಗೆ ಹೋಗೋಣ. ಸಹರಾ ಮರುಭೂಮಿಯ ದಕ್ಷಿಣಕ್ಕೆ ಹರಡಿರುವ ಬಯಲುಗಳು, ವಿರಳವಾಗಿ ಮರಗಳಿರುವ ಹುಲ್ಲುಗಾವಲುಗಳು ಇದರ ನೆಲೆ. ಹದ್ದು, ಗಿಡುಗಗಳ ಬಳಗಕ್ಕೆ ಸೇರಿದ ಬೇಟೆಗಾರನಾದರೂ ಇದರ ಕುಟುಂಬದಲ್ಲಿ ಇಂದು ಉಳಿದಿರುವುದು ಇದೊಂದೇ ಜಾತಿ. ರೆಕ್ಕೆ ಬಿಚ್ಚಿದರೆ ಅಗಲ ಸುಮಾರು 2 ಮೀಟರ್. ಚೆನ್ನಾಗಿ ಹಾರಬಲ್ಲದು. ಆದರೂ ಬೇಟೆಗೆ ಮಾತ್ರ ಕಾಲ್ನಡಿಗೆಯೇ! ದಿನಕ್ಕೆ 20ರಿಂದ 30 ಕಿಲೋಮೀಟರ್ ನಡೆಯುತ್ತದೆ. ಅನೇಕ ವೇಳೆ ಗಂಡುಹೆಣ್ಣುಗಳು ಜೊತೆಯಾಗಿ, ಒಂದರಿಂದೊಂದು ತುಸು ದೂರವಿದ್ದುಕೊಂಡು ಹುಲ್ಲನ್ನು ಶೋಧಿಸುತ್ತ ಸಾಗುತ್ತವೆ. ಆಗಾಗ ನೆಲವನ್ನು ಕಾಲಿನಿಂದ ತುಳಿದು ಅಡಗಿರುವ ಜೀವಿಗಳನ್ನು ಎಬ್ಬಿಸುತ್ತವೆ. ಸಂಜೆಯಾದರೆ ಮುಳ್ಳುಜಾಲಿಯ ನೆತ್ತಿಗೆ ಹಿಂದಿರುಗುತ್ತವೆ. ಅಲ್ಲಿಯೇ ಕಡ್ಡಿಗಳ ದೊಡ್ಡ ಗೂಡು. ಒಂದರಿಂದ ಮೂರು ಮೊಟ್ಟೆ, ಸುಮಾರು 45 ದಿನಗಳ ಕಾವು. ಇಷ್ಟು ಇದರ ಸಂಸಾರ.

ಇನ್ನು ಚಿತ್ರದ ಕಡೆಗೆ ಬರೋಣ. ಮೇಲಣ ಈಜಿಪ್ಟಿನ ಅಬು ಜೈದಾನ್ ಎಂಬಲ್ಲಿ ದಂತದ ಹಿಡಿಯುಳ್ಳ ಚಾಕುವೊಂದು ದೊರೆಯಿತು. ಕಾಲ ಸುಮಾರು ಕ್ರಿಸ್ತಪೂರ್ವ 3200, ಅಂದರೆ ಮಹಾ ಪಿರಮಿಡ್ಡುಗಳಿಗಿಂತಲೂ ಹಿಂದಿನದು. ಇಂದು ಅದು ಅಮೆರಿಕದ ಬ್ರೂಕ್ಲಿನ್ ವಸ್ತುಸಂಗ್ರಹಾಲಯದಲ್ಲಿದೆ. ಅಂಗೈಯಲ್ಲಿ ಹಿಡಿಯಬಹುದಾದ ಆ ಹಿಡಿಯ ಮೇಲೆ ಇನ್ನೂರಕ್ಕೂ ಹೆಚ್ಚು ಪ್ರಾಣಿಪಕ್ಷಿಗಳು ಸಾಲುಸಾಲಾಗಿ ನಡೆಯುತ್ತಿವೆ. ಅವುಗಳ ನಡುವೆ ಸೆಕ್ರೆಟರಿ ಹಕ್ಕಿಯನ್ನು ವಿದ್ವಾಂಸರು ಗುರುತಿಸಿದ್ದಾರೆ. ಅಂದಮೇಲೆ, ಇಂದು ಈಜಿಪ್ಟಿನಲ್ಲಿ ಕಾಣದ ಈ ಹಕ್ಕಿ ಒಂದು ಕಾಲಕ್ಕೆ ನೈಲ್ ನದಿಯ ಗುಂಟ ಬಹಳ ಉತ್ತರದವರೆಗೂ ಇದ್ದಿರಬೇಕೆಂದು ಅವರು ತರ್ಕಿಸುತ್ತಾರೆ. ಹಕ್ಕಿ ಹೋಯಿತು, ಕೆತ್ತನೆ ಉಳಿಯಿತು. ಈ ಮಾತನ್ನು ನೆನಪಿನಲ್ಲಿಡಿ. ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಯೂರೋಪಿನ ವಿದ್ವಾಂಸರಿಗೆ ಈ ಹಕ್ಕಿಯ ಸರಿಯಾದ ಪರಿಚಯವಾದದ್ದು 18ನೆಯ ಶತಮಾನದಲ್ಲಿ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯೊಬ್ಬರು ಆಫ್ರಿಕದ ದಕ್ಷಿಣ ತುದಿಯ ಕೇಪ್ ಪ್ರಾಂತದಿಂದ ಜೀವಂತ ಹಕ್ಕಿಯೊಂದನ್ನು ಹಾಲೆಂಡಿಗೆ ಕಳುಹಿಸಿದರು. ಅಲ್ಲಿನ ರಾಜಮನೆತನದ ಪ್ರಾಣಿಸಂಗ್ರಹವನ್ನು ನೋಡಿಕೊಳ್ಳುತ್ತಿದ್ದ ಆರ್ನೌಟ್ ವೋಸ್ಮಾರ್ 1769ರಲ್ಲಿ ಇದನ್ನು ವರ್ಣಿಸಿ ಬರೆದ. ಕೇಪ್‌ನ ವಲಸಿಗರು ಇದರ ನಡಿಗೆಯಲ್ಲಿ ಬಿಲ್ಲುಗಾರನ ಗತ್ತನ್ನು ಕಂಡು ‘ಸ್ಯಾಜಿಟೇರಿಯಸ್’ ಎನ್ನುತ್ತಾರೆಂದೂ, ಇಲಿ ಹುಳುಗಳ ಕಾಟ ತಡೆಯಲು ಇದನ್ನು ಮನೆಯಂಗಳದಲ್ಲಿ ಸಾಕಿದ ರೈತರು ‘ಸೆಕ್ರೆಟೇರಿಯಸ್’ ಎನ್ನುತ್ತಾರೆಂದೂ ಆತ ತಿಳಿಸಿದ್ದಾನೆ.

ಈ ಎರಡು ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಎಷ್ಟು ಹತ್ತಿರವಿವೆಯಲ್ಲವೆ? ಗುಮಾಸ್ತನೆಂಬ ಮಾತೇ ತಪ್ಪಾಗಿ ಕೇಳಿಸಿ ಬಿಲ್ಲುಗಾರನಾಗಿರಬಹುದೆಂದು ದಕ್ಷಿಣ ಆಫ್ರಿಕದ ವಿದ್ವಾಂಸ ಇಯಾನ್ ಗ್ಲೆನ್ ಸೂಚಿಸಿದ್ದಾರೆ. ಬೇಟೆಯ ಹಕ್ಕಿ ಎಂಬರ್ಥದ ಅರಬ್ಬೀ ಮಾತೊಂದರಿಂದ ಬಂದದ್ದೆಂಬ ವಾದವೂ ಉಂಟು. ಹಾಗಿದ್ದಲ್ಲಿ ಕಿವಿಯ ಹಿಂದಿನ ಲೇಖನಿಯ ಕಥೆ ಹೆಸರಿಗೆ ಆಮೇಲೆ ಹೊಂದಿಕೊಂಡದ್ದು ಎನ್ನಬೇಕಾಗುತ್ತದೆ. ಮುಂದೆ 1779ರಲ್ಲಿ ಜಾನ್ ಫ್ರೆಡರಿಕ್ ಮಿಲ್ಲರ್ ಎಂಬ ಚಿತ್ರಕಾರ ಇದರ ಚಿತ್ರ ಪ್ರಕಟಿಸಿ, ಹೆಸರಿನಲ್ಲಿ ಹಾವನ್ನು ಸೇರಿಸಿದ. ಹೀಗೆ ಇಂದಿನ ಶಾಸ್ತ್ರೀಯ ನಾಮ ‘ಸ್ಯಾಜಿಟೇರಿಯಸ್ ಸರ್ಪೆಂಟೇರಿಯಸ್’. ಅದರಲ್ಲಿ ಬಿಲ್ಲುಗಾರನೂ ಇದ್ದಾನೆ, ಹಾವೂ ಇದೆ. ಗುಮಾಸ್ತ ಮಾತ್ರ ಜನರ ಮಾತಿನಲ್ಲಿ ಉಳಿದುಕೊಂಡ.

ಚಿತ್ರಗಳು ನಂಬಿಸುವ ಬಗೆಯೂ ವಿಚಿತ್ರವಾದುದು. ಫ್ರಾನ್ಸಿನ ಪ್ರವಾಸಿ ಸೊನೆರಾ 1776ರ ತನ್ನ ಪುಸ್ತಕದಲ್ಲಿ ಈ ಹಕ್ಕಿಯ ಚಿತ್ರ ಅಚ್ಚು ಹಾಕಿಸಿ, ಇದು ಫಿಲಿಪ್ಪೀನ್ಸ್ ದ್ವೀಪಗಳಲ್ಲಿದೆ ಎಂದುಬಿಟ್ಟ. ಅಲ್ಲಿ ಇದು ಎಂದೂ ಇರಲಿಲ್ಲ. ಆದರೂ 1835ರಷ್ಟು ಈಚೆಗೆ, ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಸಭೆಯಲ್ಲಿ, ಫಿಲಿಪ್ಪೀನ್ಸಿನದು ಬೇರೆಯೇ ಒಂದು ಜಾತಿಯೆಂದು ವಾದಿಸಿದವರಿದ್ದರು. ಅಚ್ಚಾದ ಚಿತ್ರದ ಬಲ ಅಂಥದ್ದು.

ಮುಂದೆ ಹಕ್ಕಿ ಸಂಗ್ರಹಾಲಯದಿಂದ ರಾಜ್ಯಲಾಂಛನಕ್ಕೆ ಏರಿತು. 1956ರಲ್ಲಿ ಸ್ವತಂತ್ರವಾದ ಸುಡಾನ್ ಮೊದಲಿಗೆ ಘೇಂಡಾಮೃಗವನ್ನು ಲಾಂಛನ ಮಾಡಿಕೊಂಡಿತ್ತು. ಬಳಿಕ ಅದರ ಜಾಗಕ್ಕೆ ಎದೆಯ ಮೇಲೆ ಗುರಾಣಿ ಧರಿಸಿದ ಸೆಕ್ರೆಟರಿ ಹಕ್ಕಿ ಬಂದಿತು. ದಕ್ಷಿಣ ಆಫ್ರಿಕ ವರ್ಣಭೇದದ ಆಳ್ವಿಕೆಯಿಂದ ಬಿಡುಗಡೆ ಪಡೆದ ಮೇಲೆ, 1910ರ ಹಳೆಯ ಲಾಂಛನವನ್ನು ಬದಿಗಿಟ್ಟು, 2000ದ ಏಪ್ರಿಲ್ 27ರಂದು ಹೊಸದನ್ನು ಅಂಗೀಕರಿಸಿತು. ಅದರಲ್ಲಿ ರೆಕ್ಕೆಯೆತ್ತಿ ನಿಂತಿರುವುದು ಇದೇ ಹಕ್ಕಿ. ಹಾವನ್ನು ಬೇಟೆಯಾಡುವ ಅದರ ಕಾಲುಗಳು ಶತ್ರುಗಳಿಂದ ನಾಡನ್ನು ಕಾಯುವ ಶಕ್ತಿಯ ಸಂಕೇತವೆಂಬುದು ಸರ್ಕಾರದ ವಿವರಣೆ.

ಆ ಕಾಲಿನ ಶಕ್ತಿ ಬರಿಯ ಕವಿಕಲ್ಪನೆಯಲ್ಲ. 2016ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಸಾಕಿದ ಹಕ್ಕಿಯೊಂದಕ್ಕೆ ರಬ್ಬರಿನ ಹಾವನ್ನು ಒಡ್ಡಿ ಒದೆತವನ್ನು ಅಳೆದರು. ಆ ಗಂಡುಹಕ್ಕಿಗೆ ಇಟ್ಟಿದ್ದ ಹೆಸರು ಮ್ಯಾಡಲೀನ್! ಅದರ ಒದೆತದ ಬಲ ತನ್ನ ತೂಕದ ಐದು ಪಟ್ಟು. ಕಾಲು ಹಾವಿಗೆ ತಾಗಿದ್ದ ಅವಧಿ ಸೆಕೆಂಡಿನ ಸಾವಿರ ಭಾಗಗಳಲ್ಲಿ ಹದಿನೈದು ಭಾಗ ಮಾತ್ರ. ನಾವು ಒಮ್ಮೆ ಎವೆಯಿಕ್ಕುವುದರೊಳಗೆ ಅಂಥ ಹತ್ತು ಒದೆತದ ಕಾಲ ಕಳೆದುಹೋಗುತ್ತದೆ. ಗುರಿ ತಪ್ಪಿದರೆ ತಿದ್ದಿಕೊಳ್ಳಲು ವೇಳೆಯಿಲ್ಲ. ವಿಷದ ಹಾವಿನೊಡನೆ ಸೆಣಸುವವನಿಗೆ ಇಷ್ಟು ಚುರುಕು ಬೇಕೇ ಬೇಕು.

ಆದರೆ ಓದುಗರೇ, ಇಲ್ಲಿಯೇ ಚಿತ್ರಕ್ಕೂ ಬಯಲಿಗೂ ಇರುವ ಅಂತರ ಕಾಣುವುದು. ಈ ಹಕ್ಕಿ ಹಾವನ್ನು ಕೊಲ್ಲುವುದು ನಿಜ. ಆದರೆ ಅದರ ಅನುದಿನದ ಊಟದಲ್ಲಿ ಹಾವಿನ ಪಾಲು ಕಡಿಮೆ. ಹೊಟ್ಟೆ ತುಂಬುವುದು ಹೆಚ್ಚಾಗಿ ಮಿಡತೆ, ಜೀರುಂಡೆ, ಇಲಿಗಳಿಂದ. ಮಿಡತೆ ಹಿಡಿಯುವ ಹಕ್ಕಿಯನ್ನು ಯಾವ ರಾಜ್ಯ ತಾನೇ ಲಾಂಛನ ಮಾಡಿಕೊಂಡೀತು? ನಾವು ವೀರನನ್ನು ಚಿತ್ರಿಸಿದೆವು, ಅವನ ಊಟವನ್ನು ಮರೆತೆವು. ಊಟವನ್ನು ಮರೆತ ಮೇಲೆ ಆ ಊಟ ಬೆಳೆಯುವ ಹುಲ್ಲನ್ನೂ ಮರೆತೆವು.

ಮರೆವಿನ ಫಲ ಈಗ ಕಾಣುತ್ತಿದೆ. ಹುಲ್ಲುಗಾವಲು ಹೊಲವಾದಾಗ, ಅತಿಯಾಗಿ ದನ ಮೇಯ್ದಾಗ, ಮತ್ತೆ ಮತ್ತೆ ಬೆಂಕಿ ಬಿದ್ದಾಗ ಮಿಡತೆಯೂ ಇಲಿಯೂ ಇಲ್ಲವಾಗುತ್ತವೆ. ಕೆಲವೆಡೆ ಪೊದೆಗಳು ಒತ್ತಾಗಿ ಬೆಳೆದು, ನಡೆದು ಬದುಕುವ ಹಕ್ಕಿಗೆ ದಾರಿಯೇ ಮುಚ್ಚಿಹೋಗುತ್ತದೆ. ಹಾರುವಾಗ ವಿದ್ಯುತ್ ತಂತಿಗಳಿಗೆ ಬಡಿದು ಸಾಯುವುದೂ ಉಂಟು. ಆಫ್ರಿಕದ ರಾಷ್ಟ್ರಗಳ 1968ರ ಒಪ್ಪಂದವೊಂದು ಇದಕ್ಕೆ ರಕ್ಷಣೆ ನೀಡಿತ್ತು. ಆದರೂ 2011ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಇದನ್ನು ಅಪಾಯಕ್ಕೆ ಸಿಲುಕಬಹುದಾದ ಜೀವಿಗಳ ಪಟ್ಟಿಗೆ ಸೇರಿಸಿತು. 2020ರಲ್ಲಿ ಇನ್ನೊಂದು ಮೆಟ್ಟಿಲು ಮೇಲೇರಿಸಿ, ಅಳಿವಿನ ಅಂಚಿನಲ್ಲಿರುವ ಜೀವಿ ಎಂದು ಘೋಷಿಸಿತು. ಹಕ್ಕಿಯನ್ನು ಕೊಲ್ಲಬಾರದೆಂಬ ಕಟ್ಟಳೆಯಿಂದ ಹಕ್ಕಿ ಉಳಿಯಲಿಲ್ಲ. ಅದರ ಕಾಲಡಿಯ ಹುಲ್ಲಿಗೆ ಕಾವಲು ಇರಲಿಲ್ಲ.

ದಂತದ ಹಿಡಿಯನ್ನು ಕೆತ್ತಿದ ಕುಶಲಿಗೆ ತನ್ನ ನೈಲ್ ತೀರದಿಂದ ಈ ಹಕ್ಕಿ ಮರೆಯಾದೀತೆಂಬ ಸುಳಿವು ಇದ್ದಿರಲಾರದು. ನಮಗೆ ಆ ನೆಪವಿಲ್ಲ. ಅಂಕಿಅಂಶ ಗೊತ್ತು, ಕಾರಣವೂ ಗೊತ್ತು. ಮುಂದೊಂದು ದಿನ ಯಾರಾದರೂ ದಕ್ಷಿಣ ಆಫ್ರಿಕದ ಲಾಂಛನವನ್ನು ಕೈಯಲ್ಲಿ ಹಿಡಿದು, ಈ ಹಕ್ಕಿ ಒಂದು ಕಾಲಕ್ಕೆ ಇಲ್ಲಿ ಇದ್ದಿರಬೇಕೆಂದು ತರ್ಕಿಸುವಂತಾಗಬಾರದು. ಲಾಂಛನದ ಹಕ್ಕಿಗೆ ಕಾಗದವೋ ಲೋಹವೋ ಸಾಕು. ಬಯಲಿನ ಹಕ್ಕಿಗೆ ದಿನಕ್ಕೆ 30 ಕಿಲೋಮೀಟರ್ ನಡೆಯುವಷ್ಟು ಹುಲ್ಲು ಬೇಕು.