ಶಾಲೆಯ ಕೈತೋಟ ಮತ್ತು ಝಾಕಿರ್ ಹುಸೈನರ ಎಚ್ಚರಿಕೆ

ಶಾಲೆಯ ಆವರಣದಲ್ಲಿ ಮಕ್ಕಳು ಪಾತಿ ಮಾಡಿ ಹರಿವೆ, ಬೆಂಡೆ, ಅಲಸಂದೆ ಬೆಳೆಯುವುದು ನಮಗೆ ಹೊಸ ದೃಶ್ಯವಲ್ಲ. ಶಾಲಾ ಪೌಷ್ಟಿಕ ತೋಟಗಳ ಕುರಿತು ಕೇಂದ್ರ ಸರಕಾರ 2019ರಲ್ಲಿ ಮಾರ್ಗಸೂಚಿ ಹೊರಡಿಸಿದ ಬಳಿಕ ಬಿಸಿಯೂಟದ ಜೊತೆಗೆ ತೋಟದ ಮಾತೂ ಕೇಳಿಬರುತ್ತಿದೆ. ಆದರೆ ಈ ಪುಟ್ಟ ತೋಟದ ಹಿಂದೆ ಒಂದು ಹಳೆಯ ವಾದವಿದೆ. ಮಗುವಿನ ಕೈಗೆ ಗುದ್ದಲಿ ಕೊಡುವುದು ಶಿಕ್ಷಣವೇ ಅಥವಾ ದುಡಿಮೆಯೇ? ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿದವರಲ್ಲಿ ಡಾ. ಝಾಕಿರ್ ಹುಸೈನ್ ಪ್ರಮುಖರು.

ಶಾಲಾ ತೋಟದ ಆಧುನಿಕ ಚರಿತ್ರೆಯ ಬೇರು ಜರ್ಮನಿಯಲ್ಲಿದೆ. 1837ರಲ್ಲಿ ಫ್ರೋಬೆಲ್ ಪುಟ್ಟ ಮಕ್ಕಳಿಗಾಗಿ ಶಾಲೆ ತೆರೆದರು. ಮೂರು ವರ್ಷಗಳ ನಂತರ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟರು. ಅದು ಬರೇ ಹೋಲಿಕೆಯಾಗಿರಲಿಲ್ಲ. ಪ್ರತಿ ಮಗುವಿಗೂ ತನ್ನದೇ ಪಾತಿ ಇರಬೇಕು, ಜೊತೆಗೆ ಎಲ್ಲರೂ ಸೇರಿ ನೋಡಿಕೊಳ್ಳುವ ಪಾತಿಯೂ ಇರಬೇಕೆಂಬುದು ಅವರ ಕಲ್ಪನೆ. ಮುಂದೆ ಮ್ಯೂನಿಕ್‌ನ ಶಿಕ್ಷಣಾಧಿಕಾರಿ ಕೆರ್ಶೆನ್‌ಸ್ಟೈನರ್ ಕಾರ್ಯಾಗಾರ, ಅಡುಗೆಮನೆ ಮತ್ತು ತೋಟಗಳನ್ನು ಪಾಠಶಾಲೆಯ ಅಂಗವಾಗಿಸಿದರು. 1920ರ ದಶಕದಲ್ಲಿ ಬರ್ಲಿನ್‌ನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದ ಝಾಕಿರ್ ಹುಸೈನರ ಚಿಂತನೆಯ ಮೇಲೆ ಕೆರ್ಶೆನ್‌ಸ್ಟೈನರ್ ಪ್ರಭಾವ ಗಾಢವಾಗಿತ್ತು. ಡಾಕ್ಟರೇಟ್ ಪಡೆದು 1926ರಲ್ಲಿ ಮರಳಿದ ಅವರು ಜಾಮಿಅ ಮಿಲ್ಲಿಯ ಇಸ್ಲಾಮಿಯದ ಹೊಣೆ ಹೊತ್ತರು.

1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಶಿಕ್ಷಣ ಸಮ್ಮೇಳನ ನಡೆಯಿತು. ಮಕ್ಕಳು ಒಂದು ಕಸುಬಿನ ಮೂಲಕ ಕಲಿಯಬೇಕು, ಅವರ ಉತ್ಪನ್ನದಿಂದಲೇ ಶಿಕ್ಷಕರ ಸಂಬಳ ಹುಟ್ಟಬೇಕು ಎಂಬುದು ಗಾಂಧೀಜಿಯ ಪ್ರಸ್ತಾವ. ಕೆಲಸದ ಮೂಲಕ ಕಲಿಕೆ ಎಂಬುದನ್ನು ಝಾಕಿರ್ ಹುಸೈನ್ ಒಪ್ಪಿದರು. ಆದರೆ ಗಳಿಕೆಗೇ ಒತ್ತು ಕೊಟ್ಟರೆ ಶಿಕ್ಷಕರು ಬಡಮಕ್ಕಳ ದುಡಿಮೆಯನ್ನು ಹಿಂಡುವ ಯಜಮಾನರಾದಾರು ಎಂದು ಆ ಸಭೆಯಲ್ಲೇ ಎಚ್ಚರಿಸಿದರು. ಗಾಂಧೀಜಿಯ ಎದುರಿನಲ್ಲೇ ಆಡಿದ ಮಾತದು. ಹಾಗಿದ್ದೂ ಪಠ್ಯಯೋಜನೆ ರೂಪಿಸುವ ಸಮಿತಿಗೆ ಅವರೇ ಅಧ್ಯಕ್ಷರಾದರು. ಭಿನ್ನಾಭಿಪ್ರಾಯವನ್ನು ಗೌರವಿಸುವ ಕಾಲ ಅದು.

ಡಿಸೆಂಬರ್‌ನಲ್ಲಿ ಬಂದ ಸಮಿತಿಯ ವರದಿಯಲ್ಲಿ ನೂಲುವಿಕೆ, ಬಡಗಿ ಕೆಲಸ, ಕೃಷಿ, ಚರ್ಮದ ಕೆಲಸಗಳ ಸಾಲಿನಲ್ಲಿ ಹಣ್ಣು-ತರಕಾರಿ ತೋಟಗಾರಿಕೆಗೂ ಸ್ಥಾನವಿತ್ತು. ಏಳರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಐದೂವರೆ ಗಂಟೆಯ ಶಾಲೆ, ಅದರಲ್ಲಿ 3 ಗಂಟೆ 20 ನಿಮಿಷ ಕಸುಬು. ಆರ್ಥಿಕ ಉದ್ದೇಶವು ಶೈಕ್ಷಣಿಕ ಉದ್ದೇಶವನ್ನು ನುಂಗಬಾರದೆಂಬ ಎಚ್ಚರಿಕೆಯೂ ವರದಿಯಲ್ಲಿ ಸೇರಿತು.

ಕಸುಬು ಪಾಠವಾಗುವುದು ಹೇಗೆ? ತೋಟವನ್ನೇ ನೋಡಿ. ಪಾತಿಯ ಉದ್ದಗಲ ಅಳೆದರೆ ಕ್ಷೇತ್ರಫಲ. ನೂರು ಬೀಜ ಬಿತ್ತಿ ಮೊಳೆತವನ್ನು ಎಣಿಸಿದರೆ ಶೇಕಡಾ ಲೆಕ್ಕ. ಅಲಸಂದೆಯ ಬೇರಿನ ಗಂಟುಗಳನ್ನು ಬಿಡಿಸಿ ನೋಡಿದರೆ ಮಣ್ಣಿಗೆ ಸಾರಜನಕ ಸೇರುವ ವಿಜ್ಞಾನ. ದಿನಚರಿ ಬರೆದರೆ ಭಾಷೆ. ಸುಮಾರು ಒಂದು ತಿಂಗಳಲ್ಲಿ ಹರಿವೆ ಕೊಯ್ಲಿಗೆ ಬರುವಾಗ ತಾಳ್ಮೆಯೆಂದರೇನೆಂದು ಮಗುವಿಗೆ ಯಾರೂ ಬೋಧಿಸಬೇಕಾಗುವುದಿಲ್ಲ.

1938ರ ಹರಿಪುರ ಅಧಿವೇಶನದಲ್ಲಿ ಕಾಂಗ್ರೆಸ್ ಈ ಶಿಕ್ಷಣ ತತ್ವವನ್ನು ಅಂಗೀಕರಿಸಿತು. ಧಾರ್ಮಿಕ ಶಿಕ್ಷಣಕ್ಕೆ ಇದರಲ್ಲಿ ಜಾಗವಿಲ್ಲವೆಂದು ಮುಸ್ಲಿಮ್ ಲೀಗ್ ವಿರೋಧಿಸಿತು. ಸ್ವಾತಂತ್ರ್ಯಾನಂತರ ಸರಕಾರವೇ ಮೂಲ ಶಿಕ್ಷಣವನ್ನು ಎತ್ತಿ ಹಿಡಿದರೂ ಅದು ಬೇರೂರಲಿಲ್ಲ. ಮುಖ್ಯ ಕಾರಣ ಸ್ಪಷ್ಟವಿತ್ತು. ಉಳ್ಳವರ ಮಕ್ಕಳಿಗೆ ಇಂಗ್ಲಿಷ್ ಶಾಲೆ, ಹಳ್ಳಿಯ ಬಡವರ ಮಕ್ಕಳಿಗೆ ತಕಲಿ ಮತ್ತು ಗುದ್ದಲಿ! ತಲೆಮಾರುಗಳಿಂದ ಗುದ್ದಲಿ ಹಿಡಿದವರು ಅದರಿಂದ ಬಿಡುಗಡೆಗಾಗಿಯೇ ಮಗುವನ್ನು ಶಾಲೆಗೆ ಕಳುಹಿಸುವಾಗ ಅಲ್ಲೂ ಗುದ್ದಲಿಯೇ ಎದುರಾದರೆ ಅವರು ನಂಬುವುದು ಹೇಗೆ? ಅವರ ಸಂಶಯ ಶ್ರಮದ ಮೇಲಲ್ಲ, ಶ್ರಮದ ಹಂಚಿಕೆಯ ಮೇಲೆ.

ಇಂದಿನ ಶಾಲಾ ತೋಟಕ್ಕೂ ಇದೇ ಅಳತೆಗೋಲು. ತರಗತಿಯಲ್ಲಿ ಗದ್ದಲ ಮಾಡಿದವನಿಗೆ ಕಳೆ ಕೀಳುವ ಶಿಕ್ಷೆ, ಒಂದು ಜಾತಿಯ ಮಕ್ಕಳಿಗೆ ಸಗಣಿ ಹೊರುವ ಕೆಲಸ, ಹೆಣ್ಣುಮಕ್ಕಳಿಗಷ್ಟೇ ನೀರು ಹಾಕುವ ಪಾಳಿ ಎಂದಾದರೆ ಅಲ್ಲಿ ಬೆಳೆಯುವುದು ತರಕಾರಿಯಲ್ಲ, ಅವಮಾನ. ಮುಖ್ಯೋಪಾಧ್ಯಾಯರ ಮಗನೂ ಕೂಲಿಕಾರನ ಮಗಳೂ ಒಂದೇ ಪಾತಿಗೆ ಇಳಿದು, ಬೆಳೆದದ್ದನ್ನು ಒಂದೇ ಪಂಕ್ತಿಯಲ್ಲಿ ಕೂತು ಉಂಡರೆ ಅದು ಪಾಠ. ದುಬಾರಿ ಶುಲ್ಕದ ಖಾಸಗಿ ಶಾಲೆಗಳಿಗೂ ನಮ್ಮ ಮದ್ರಸಗಳಿಗೂ ಈ ಪಾಠ ಬೇಕು.

ಒಬ್ಬ ವಿಶ್ವಾಸಿ ನೆಟ್ಟ ಗಿಡದಿಂದ ಮನುಷ್ಯನಾಗಲಿ, ಹಕ್ಕಿಯಾಗಲಿ, ಪ್ರಾಣಿಯಾಗಲಿ ತಿಂದರೆ ಅದು ಅವನ ಪಾಲಿಗೆ ದಾನವೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಆ ದಾನಕ್ಕೆ ಜಾತಿಯಿಲ್ಲ, ಅಂತಸ್ತಿಲ್ಲ. 1967ರಲ್ಲಿ ರಾಷ್ಟ್ರಪತಿಯಾದ ಝಾಕಿರ್ ಹುಸೈನ್ ಗುಲಾಬಿ ತೋಟದ ಪ್ರೇಮಿಯೆಂದೇ ಹೆಸರಾದರು. ಆದರೆ ಅವರನ್ನು ನೆನೆಯಲು ಗುಲಾಬಿಗಿಂತ ಯೋಗ್ಯವಾದದ್ದು ಎಲ್ಲ ಮಕ್ಕಳ ಕೈಯೂ ಸಮಾನವಾಗಿ ಮಣ್ಣಾಗುವ ಒಂದು ಶಾಲೆಯ ತರಕಾರಿ ತೋಟ.