ನಾಲಗೆ ಇಟ್ಟ ಹೆಸರು

ಗ್ಲೂಕೋಸ್, ಗ್ಲಿಸರಿನ್, ಗ್ಲೈಸಿನ್ - ಈ ಮೂರೂ ಹೆಸರುಗಳ ಬೇರು ಒಂದೇ. ಗ್ರೀಕ್ ಭಾಷೆಯಲ್ಲಿ 'ಗ್ಲುಕುಸ್' ಎಂದರೆ ಸಿಹಿ. ಮೊದಲೆರಡು ನಮ್ಮಲ್ಲಿ ಮನೆಮಾತಾಗಿವೆ. ಮೂರನೆಯದು ಅಮೈನೋ ಆಮ್ಲಗಳಲ್ಲೆಲ್ಲ ಅತಿ ಸರಳವಾದುದರ ಹೆಸರು.

ಫ್ರಾನ್ಸಿನ ನಾನ್ಸಿ ನಗರದ ಆನ್ರಿ ಬ್ರಾಕೊನೊ ಎಂಬ ರಸಾಯನಶಾಸ್ತ್ರಜ್ಞ 1819ರಲ್ಲಿ ಹಳೆಯ ಬಟ್ಟೆ, ಮರದ ಹೊಟ್ಟುಗಳನ್ನು ಗಂಧಕಾಮ್ಲದಿಂದ ಸಕ್ಕರೆಯಾಗಿ ಪರಿವರ್ತಿಸಿ ತೋರಿಸಿದ್ದ. ಮರುವರ್ಷ ಜೆಲಾಟಿನ್, ಅಂದರೆ ಪ್ರಾಣಿಗಳ ಚರ್ಮ ಮೂಳೆಗಳನ್ನು ಬೇಯಿಸಿದಾಗ ಬರುವ ಅಂಟನ್ನು, ಅದೇ ಆಮ್ಲದಲ್ಲಿ ಕುದಿಸಿದ. ಸಿಹಿಯಾದ ಹರಳುಗಳು ದೊರೆತವು. ಸಹಜವಾಗಿಯೇ ಅವನು ಅದನ್ನು 'ಜೆಲಾಟಿನ್ ಸಕ್ಕರೆ' ಎಂದು ಕರೆದ. ಅದರಲ್ಲಿ ಸಾರಜನಕವಿದೆ, ಆದ್ದರಿಂದ ಅದು ಸಕ್ಕರೆಯಲ್ಲ ಎಂಬುದು ಖಚಿತವಾದದ್ದು 1838ರಲ್ಲಿ. ಆದರೂ ಸಿಹಿ ಬಿಟ್ಟುಹೋಗಲಿಲ್ಲ. 1847ರಲ್ಲಿ 'ಸಿಹಿ ಅಂಟು' ಎಂಬ ಅರ್ಥದ 'ಗ್ಲೈಕೊಕಾಲ್' ಎಂಬ ಹೆಸರು ಸೂಚಿತವಾಯಿತು. ಮರುವರ್ಷ ಸ್ವೀಡನ್ನಿನ ಬರ್ಜೀಲಿಯಸ್ ಅದನ್ನು 'ಗ್ಲೈಸಿನ್' ಎಂದು ಮೊಟಕುಗೊಳಿಸಿದ.

ಅಂದಿನ ಪ್ರಯೋಗಶಾಲೆಗಳಲ್ಲಿ ನಾಲಗೆಯೂ ಒಂದು ಉಪಕರಣವೇ ಆಗಿತ್ತೆಂಬುದನ್ನು ಮರೆಯಬಾರದು. ಅದಕ್ಕಿಂತ ಭಯಂಕರವಾದ ಉದಾಹರಣೆಯೊಂದಿದೆ. 1798ರಲ್ಲಿ ವೋಕ್ಲಾಂ ಎಂಬಾತ ಪಚ್ಚೆಯಲ್ಲೂ ಬೆರಿಲ್ ಎಂಬ ರತ್ನಶಿಲೆಯಲ್ಲೂ ಹೊಸ ಧಾತುವೊಂದರ ಆಕ್ಸೈಡನ್ನು ಕಂಡುಹಿಡಿದ. ಅದರ ಲವಣಗಳೂ ಸಿಹಿ! ಆ ಧಾತುವಿಗೆ 'ಗ್ಲುಸಿನಿಯಂ' ಎಂಬ ಹೆಸರು ಬಿತ್ತು. ಫ್ರೆಂಚರು ಅದನ್ನು 20ನೇ ಶತಮಾನದ ನಡುವಿನವರೆಗೂ ಬಳಸಿದರು. ಅದರ ಧೂಳು ಶ್ವಾಸಕೋಶಕ್ಕೆ ಕಡುವಿಷ. ಈಗ ಅದರ ಹೆಸರು ಬೆರಿಲಿಯಂ. ಬೆರಿಲ್ ಎಂಬ ಶಬ್ದ ಪ್ರಾಕೃತದ 'ವೇಳುರಿಯ', ಸಂಸ್ಕೃತದ 'ವೈಡೂರ್ಯ'ಗಳಿಗೆ ಸೇರಿದ್ದು. ಅದಕ್ಕೆ ನಮ್ಮ ಬೇಲೂರನ್ನು ಗಂಟುಹಾಕುವ ನಿಘಂಟುಗಳೂ ಇವೆ, ಅದು ಊಹೆಯಷ್ಟೆ. ಅಂತೂ ಗ್ರೀಕರ ಸಿಹಿಯನ್ನು ಭಾರತದ ರತ್ನ ಪದಚ್ಯುತಗೊಳಿಸಿತು.

ಸಸ್ಯಶಾಸ್ತ್ರದಲ್ಲಿ ಇದೇ ಹೆಸರು ಬೇರೆ ದಾರಿ ಹಿಡಿದಿದೆ. ಬೀದರ್ ಜಿಲ್ಲೆಯ ರೈತರು ಬೆಳೆಯುವ ಸೋಯಾ ಅವರೆಯ ಶಾಸ್ತ್ರೀಯ ನಾಮ 'ಗ್ಲೈಸಿನ್ ಮ್ಯಾಕ್ಸ್'. ಆಮ್ಲಕ್ಕೂ ಈ ಹೆಸರಿಗೂ ನೇರ ಸಂಬಂಧವಿಲ್ಲ. ಲಿನೇಯಸ್ 18ನೇ ಶತಮಾನದಲ್ಲೇ ಈ ಕುಲನಾಮವನ್ನು ಇಟ್ಟದ್ದು ಅಮೆರಿಕದ ಬಳ್ಳಿಯೊಂದರ ಸಿಹಿಗೆಡ್ಡೆಯನ್ನು ನೆನೆದು. ಆ ಬಳ್ಳಿಯನ್ನು ಮುಂದೆ ಬೇರೆ ಕುಲಕ್ಕೆ ಸೇರಿಸಲಾಯಿತು. ಸಿಹಿಯ ಹೆಸರು ಮಾತ್ರ ಸೋಯಾದ ಪಾಲಿಗೆ ಉಳಿಯಿತು.

ಗ್ಲೈಸಿನ್ನಿನ ನಿಜವಾದ ಹಿರಿಮೆ ರುಚಿಯಲ್ಲಿಲ್ಲ, ಗಾತ್ರದಲ್ಲಿದೆ. ಇತರ ಅಮೈನೋ ಆಮ್ಲಗಳಿಗೆ ದೊಡ್ಡ ಪಾರ್ಶ್ವಕೊಂಡಿಗಳಿದ್ದರೆ ಇದಕ್ಕಿರುವುದು ಒಂದೇ ಒಂದು ಜಲಜನಕ ಪರಮಾಣು. ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳನ್ನು ಹಿಡಿದಿಟ್ಟಿರುವ ಕೊಲಾಜೆನ್ ಮೂರೆಳೆಯ ಹುರಿ. ಎಳೆಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಳ್ಳಬೇಕಾದರೆ ಒಳಬದಿಗೆ ಬರುವ ಪ್ರತಿ ಮೂರನೆಯ ಘಟಕ ಅತಿ ಚಿಕ್ಕದಿರಬೇಕು. ಆ ಇಕ್ಕಟ್ಟಿನ ಜಾಗ ಗ್ಲೈಸಿನ್ನಿನದು. ಜೆಲಾಟಿನ್ ಆಗುವುದು ಇದೇ ಕೊಲಾಜೆನ್ನಿನಿಂದ. ಬ್ರಾಕೊನೊ ಬೇರೇನನ್ನಾದರೂ ಕುದಿಸಿದ್ದರೆ ಆ ಹರಳುಗಳು ಅಷ್ಟು ಸುಲಭವಾಗಿ ಸಿಗುತ್ತಿದ್ದವೇ ಎಂಬುದು ಸಂಶಯ.

ಈಗ ರಾಸಾಯನಿಕಗಳನ್ನು ಯಾರೂ ನೆಕ್ಕಿ ನೋಡಿ ಹೆಸರಿಡುವುದಿಲ್ಲ. ಹೆಸರು ವಂಶಪಾರಂಪರ್ಯವಾಗಿ ಬರುತ್ತದೆ. ಗ್ಲೈಸಿನ್ ಅಣುವಿಗೆ ರಂಜಕದ ಗುಂಪೊಂದನ್ನು ಜೋಡಿಸಿದರೆ ಸಿಗುವ ವಸ್ತುವಿಗೆ ಎರಡೂ ಹೆಸರುಗಳ ತುಣುಕು ಸೇರಿಸಿ 'ಗ್ಲೈಫೋಸೇಟ್' ಎಂದರು. ತೋಟಗಳಲ್ಲಿ ಕಳೆ ಕೊಲ್ಲಲು ಸಿಂಪಡಿಸುವ ಔಷಧ ಅದೇ. ಆರೋಗ್ಯಕ್ಕೆ ಅಪಾಯವೆಂಬ ಕಾರಣದಿಂದ 2022ರಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಯನ್ನು ನಿರ್ಬಂಧಿಸಿ ಆದೇಶ ಹೊರಡಿಸಿತು. ಆ ಡಬ್ಬಿಯ ಮೇಲಿನ ಹೆಸರಿನ ಮೊದಲಕ್ಷರದಲ್ಲೂ ಗ್ರೀಕರ ಸಿಹಿ ಕುಳಿತಿದೆ.